ಸ್ಕಾಟ್ಲೆಂಡ್‌ನಿಂದಾಗಿ ಬಂದ ಹಣ ಸ್ಕಾಟ್ಲೆಂಡ್‌ಗೇ ಸೇರಬೇಕಿತ್ತಲ್ಲವೆ?

ಓದುಗರ ಪ್ರಶ್ನೆ: ಸ್ಕಾಟ್ಲೆಂಡ್ ರೈತರಿಗೆಂದು ಯುರೋಪು ಕೊಟ್ಟ ಹಣವನ್ನು ಲಂಡನ್ ಸರ್ಕಾರ ತನ್ನಿಷ್ಟದಂತೆ ಎಲ್ಲರಿಗೂ ಹಂಚಿಬಿಟ್ಟಿತಂತೆ. ಇಷ್ಟು ದೊಡ್ಡ ಅನ್ಯಾಯವಾದರೂ ಸ್ಕಾಟ್ಲೆಂಡ್ ಯುರೋಪಿನ ನ್ಯಾಯಾಲಯಕ್ಕೆ ಏಕೆ ಹೋಗಲಿಲ್ಲ?

ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಯೊಳಗಿನ ತಪ್ಪು ತಿಳಿವಳಿಕೆ ಮಾತ್ರ ಅದೇ ಇರುತ್ತದೆ. ಈ ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ. ಅವಸರವಿದ್ದವರಿಗೆ ಉತ್ತರ ಇಷ್ಟೇ: ಯುರೋಪಿನ ನ್ಯಾಯಾಲಯದಲ್ಲಿ ಸ್ಕಾಟ್ಲೆಂಡ್‌ಗೆ ಬಾಗಿಲಿರಲಿಲ್ಲ. ಬಾಗಿಲಿದ್ದ ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ಗೆಲ್ಲಿಸುವಂಥ ಕಾನೂನಿರಲಿಲ್ಲ. ಆದರೂ ಹಣ ಕೊನೆಗೆ ಬಂತು. ಅದು ಬಂದ ದಾರಿ ಬೇರೆ.

2014ರಿಂದ 2020ರವರೆಗಿನ ಅವಧಿಗೆ ಬ್ರಿಟನ್ ಆಗಿನ್ನೂ ಸದಸ್ಯನಾಗಿದ್ದ ಐರೋಪ್ಯ ಒಕ್ಕೂಟ ರೈತರ ನೇರ ಪಾವತಿಯ, ಅಂದರೆ ರೈತರಿಗೇ ನೇರವಾಗಿ ಕೊಡುವ ಸಹಾಯಧನದ, ನಿಯಮಗಳನ್ನು ಹೊಸದಾಗಿ ಬರೆಯಿತು. ಹೆಕ್ಟೇರಿಗೆ ಸಿಗುವ ಹಣದಲ್ಲಿ ದೇಶದಿಂದ ದೇಶಕ್ಕೆ ಅಜಗಜಾಂತರವಿತ್ತು. ಅದನ್ನು ತುಸು ಕಡಿಮೆ ಮಾಡಲು ಒಂದು ಸೂತ್ರ ಬಂತು: ಒಕ್ಕೂಟದ ಸರಾಸರಿಯ ಶೇ 90ಕ್ಕಿಂತ ಕೆಳಗಿರುವ ದೇಶಕ್ಕೆ, ಆ ಕೊರತೆಯ ಮೂರನೇ ಒಂದು ಭಾಗವನ್ನು ಹಂತಹಂತವಾಗಿ ತುಂಬಿಕೊಡಬೇಕು. ಬ್ರಿಟನ್ನಿನ ಸರಾಸರಿ ಹೆಕ್ಟೇರಿಗೆ ಸುಮಾರು 229 ಯುರೋ. ಅದು ಗೆರೆಯ ಕೆಳಗೆ ಬಿದ್ದದ್ದು ಸ್ಕಾಟ್ಲೆಂಡ್‌ನಿಂದಾಗಿ, ಏಕೆಂದರೆ ಅಲ್ಲಿನ ಸರಾಸರಿ ಸುಮಾರು 130 ಯುರೋ ಮಾತ್ರ. ಹೀಗೆ ಬ್ರಿಟನ್ನಿಗೆ 22 ಕೋಟಿ 30 ಲಕ್ಷ ಯುರೋ ಹೆಚ್ಚುವರಿಯಾಗಿ ಬಂತು. 2013ರ ನವೆಂಬರಿನಲ್ಲಿ ಅಂದಿನ ಕೃಷಿ ಮತ್ತು ಪರಿಸರ ಮಂತ್ರಿ ಓವೆನ್ ಪ್ಯಾಟರ್ಸನ್, ಹಳೆಯ ಪಾಲಿನ ಅನುಪಾತದಲ್ಲೇ ಇದನ್ನೂ ಬ್ರಿಟನ್ನಿನ ನಾಲ್ಕೂ ಭಾಗಗಳಿಗೆ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್) ಹಂಚುವುದಾಗಿ ಪ್ರಕಟಿಸಿದರು. ಸ್ಕಾಟ್ಲೆಂಡ್‌ಗೆ ದಕ್ಕಿದ್ದು ಶೇ 16ರಷ್ಟು.

ಇದನ್ನು ಕೇಳಿದ ನಮ್ಮವರಿಗೆ ತಕ್ಷಣ ನೆನಪಾಗುವುದು ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ. ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ದೇವರು, ಲಂಡನ್ ಪೂಜಾರಿ. ಕೇಳಲು ಹಿತವಾಗಿದೆ. ಎಲ್ಲ ಗೊಂದಲವೂ ಹುಟ್ಟುವುದು ಇಲ್ಲಿಂದಲೇ. ಬ್ರಸೆಲ್ಸ್ ಆ ಹಣವನ್ನು ಸ್ಕಾಟ್ಲೆಂಡ್‌ಗೆ ಕೊಟ್ಟಿರಲೇ ಇಲ್ಲ.

ನಂಬಿಕೆಯಿಲ್ಲದಿದ್ದರೆ ಆ ನಿಯಮಾವಳಿಯನ್ನೇ ತೆರೆದು ನೋಡಿ. ಅದರ ಸಂಖ್ಯೆ 1307/2013. ಕೊನೆಯಲ್ಲಿ ಎರಡನೆಯ ಅನುಬಂಧವೆಂದು ಒಂದು ಕೋಷ್ಟಕವಿದೆ: ಎಡಗಡೆ ದೇಶಗಳ ಹೆಸರು, ಬಲಕ್ಕೆ ವರ್ಷವರ್ಷದ ಗರಿಷ್ಠ ಮೊತ್ತ. ಬೆಲ್ಜಿಯಂನಿಂದ ಶುರುವಾಗುವ ಪಟ್ಟಿಯಲ್ಲಿ ಯುನೈಟೆಡ್ ಕಿಂಗ್‌ಡಮ್ ಎಂಬ ಒಂದು ಸಾಲಿದೆ. ಸ್ಕಾಟ್ಲೆಂಡ್ ಎಂಬ ಸಾಲು ಇಲ್ಲ. ವೇಲ್ಸ್ ಇಲ್ಲ, ಜರ್ಮನಿಯ ಬವೇರಿಯಾ ಇಲ್ಲ, ಸ್ಪೇನಿನ ಆಂಡಲೂಸಿಯಾ ಇಲ್ಲ. ಹಣದ ಹಕ್ಕುದಾರ ದೇಶ. ದೇಶದೊಳಗೆ ಪ್ರದೇಶವಾರು ಹಂಚುವುದಾದರೆ ಏನು ಮಾಡಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ: ಮಾನದಂಡ ವಸ್ತುನಿಷ್ಠವಾಗಿರಬೇಕು, ತಾರತಮ್ಯ ಇರಬಾರದು. ಮಣ್ಣಿನ ಗುಣ, ಆರ್ಥಿಕ ಸ್ಥಿತಿ, ಆಡಳಿತದ ರಚನೆ ಮುಂತಾದವನ್ನು ಉದಾಹರಣೆಯಾಗಿ ಕೊಡುತ್ತದೆ. ‘ಯಾರಿಂದಾಗಿ ಹಣ ಹೆಚ್ಚಿತೋ ಅವರಿಗೇ ಕೊಡಿ’ ಎಂಬ ಮಾತು ಎಲ್ಲೂ ಇಲ್ಲ.

ಇನ್ನೂ ಒಪ್ಪದವರಿಗೆ ರೇಷನ್ ಕಾರ್ಡಿನ ಉದಾಹರಣೆ ಕೊಡುತ್ತೇನೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಲೆಕ್ಕದ ಅಕ್ಕಿ. ಅಜ್ಜಿಯ ಹೆಸರು ಕಾರ್ಡಿನಲ್ಲಿ ಇರುವುದರಿಂದಲೇ ಇಷ್ಟು ಕೆ.ಜಿ. ಹೆಚ್ಚು ಸಿಕ್ಕಿತು, ನಿಜ. ಆದರೆ ನ್ಯಾಯಬೆಲೆ ಅಂಗಡಿಯವನು ಅಜ್ಜಿಯ ಹೆಸರು ಬರೆದ ಬೇರೆ ಚೀಲ ಕೊಡುವುದಿಲ್ಲ. ಮನೆಗೆ ಬಂದ ಮೇಲೆ ಅಜ್ಜಿಗೆ ಹೊಟ್ಟೆ ತುಂಬ ಊಟ ಹಾಕದಿದ್ದರೆ ಅದು ಅನ್ಯಾಯವೇ. ಆ ಅನ್ಯಾಯಕ್ಕೆ ಅಂಗಡಿಯವನ ಮೇಲೆ ದೂರು ಕೊಟ್ಟು ಪ್ರಯೋಜನವಿಲ್ಲ. ಅಕ್ಕಿಯನ್ನು ಲೆಕ್ಕ ಹಾಕುವ ನಿಯಮ ಒಂದು, ಹಂಚುವ ನಿಯಮ ಇನ್ನೊಂದು. ಇವೆರಡನ್ನು ಬೇರೆ ಮಾಡಿ ನೋಡಲು ಕಲಿತರೆ ಈ ವಿವಾದದ ಮುಕ್ಕಾಲು ಪಾಲು ಅರ್ಥವಾದಂತೆ.

ಇನ್ನು ಆ 130 ಯುರೋ ಎಂಬ ಸರಾಸರಿ. ಅದನ್ನು ನೋಡಿ ಸ್ಕಾಟ್ಲೆಂಡ್‌ನ ಪ್ರತಿಯೊಬ್ಬ ರೈತನೂ ಯುರೋಪಿನ ಅತಿ ಬಡ ಫಲಾನುಭವಿ ಎಂದುಕೊಳ್ಳುವವರಿದ್ದಾರೆ. ಸರಾಸರಿ ಎಂದರೆ ಭಾಗಾಕಾರ. ಕೆಳಗಿನ ಸಂಖ್ಯೆ ದೊಡ್ಡದಾದರೆ ಉತ್ತರ ಚಿಕ್ಕದಾಗುತ್ತದೆ. ಉತ್ತರದ ಗುಡ್ಡಗಳಲ್ಲಿ ಹೀದರ್ ಪೊದೆ, ಜೌಗು, ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಕುರಿ ಮೇಯುವ ಲಕ್ಷಾಂತರ ಹೆಕ್ಟೇರು ಒರಟು ಹುಲ್ಲುಗಾವಲಿದೆ. ಹಳೆಯ ಪಾವತಿಗಳು ರೈತ ಹಿಂದೆ ಎಷ್ಟು ದನ ಕುರಿ ಸಾಕಿದ್ದ, ಎಷ್ಟು ಬೆಳೆದಿದ್ದ ಎಂಬುದರ ಮೇಲೆ ನಿಂತಿದ್ದವು. ಅಂಥ ಗುಡ್ಡಕ್ಕೆ ಹೆಕ್ಟೇರು ಲೆಕ್ಕದಲ್ಲಿ ಚಿಲ್ಲರೆ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಲಂಡನ್ ಇದೇ ಎಳೆ ಹಿಡಿದು ವಾದಿಸಿತು: ಹೆಕ್ಟೇರು ಬಿಡಿ, ಒಂದೊಂದು ಫಾರ್ಮಿನ ಲೆಕ್ಕ ನೋಡಿ, ಸ್ಕಾಟ್ಲೆಂಡ್‌ನಲ್ಲಿ ಸರಾಸರಿ ಸುಮಾರು 26,000 ಪೌಂಡ್, ಉತ್ತರ ಐರ್ಲೆಂಡ್‌ನಲ್ಲಿ ಸುಮಾರು 7,000 ಪೌಂಡ್. ಎರಡು ಲೆಕ್ಕವೂ ಸರಿ. ಯಾವ ಅಳತೆಗೋಲು ನ್ಯಾಯದ್ದು ಎಂಬುದೇ ಜಗಳ. ಮುಂದೆ ಸ್ಕಾಟ್ಲೆಂಡ್ ಸರ್ಕಾರ ತನ್ನ ನೆಲವನ್ನೇ ಮೂರು ವರ್ಗಗಳಾಗಿ ವಿಂಗಡಿಸಿದಾಗ ಉಳುವ ಭೂಮಿಗೂ ಅತಿ ಬಡ ಗುಡ್ಡಕ್ಕೂ ನಡುವಿನ ಅಂತರ ಹತ್ತು ಪಟ್ಟಿಗಿಂತ ಹೆಚ್ಚಿತ್ತು ಎಂಬುದನ್ನೂ ಗಮನಿಸಿ. ಹೆಕ್ಟೇರಿಗೆ ಒಂದೇ ದರ ನ್ಯಾಯವೆಂದು ಸ್ಕಾಟ್ಲೆಂಡ್‌ನ ರಾಜಧಾನಿ ಎಡಿನ್‌ಬರೋ ಕೂಡ ನಂಬಿರಲಿಲ್ಲ.

ಈಗ ನ್ಯಾಯಾಲಯದ ಮಾತು. ನಮ್ಮಲ್ಲಿ ರಾಜ್ಯವೊಂದು ಸಂವಿಧಾನದ 131ನೇ ವಿಧಿ ಹಿಡಿದು ಕೇಂದ್ರದ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಬರ ಪರಿಹಾರಕ್ಕಾಗಿ ಕರ್ನಾಟಕ 2024ರಲ್ಲಿ 32ನೇ ವಿಧಿಯಡಿ ಹೋದದ್ದೂ ನೆನಪಿನಲ್ಲಿದೆ. ಅದೇ ಅಭ್ಯಾಸದಲ್ಲಿ ನಮ್ಮ ಓದುಗರು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯವನ್ನು ಊಹಿಸಿಕೊಳ್ಳುತ್ತಾರೆ. ಅಲ್ಲಿ ಹಾಗಿಲ್ಲ. ಒಕ್ಕೂಟದ ಕಾನೂನನ್ನು ಯಾವ ಷರತ್ತೂ ಇಲ್ಲದೆ ಪ್ರಶ್ನಿಸುವ ಹಕ್ಕು ಸದಸ್ಯ ದೇಶಗಳಿಗಿದೆ. ಪ್ರದೇಶವೊಂದು ಅರ್ಜಿ ಹಾಕಿದರೆ ಅದನ್ನು ಒಂದು ಕಂಪನಿಯಂತೆಯೇ ನೋಡುತ್ತಾರೆ: ಈ ಕಾನೂನು ನಿನ್ನನ್ನು ನೇರವಾಗಿ, ನಿನ್ನೊಬ್ಬನನ್ನೇ ಎಂಬಂತೆ ತಟ್ಟಿದೆಯೇ, ತೋರಿಸು ಎನ್ನುತ್ತಾರೆ. ಅದನ್ನು ದಾಟುವುದು ಬಲು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಸ್ಕಾಟ್ಲೆಂಡ್‌ನ ತಕರಾರು ಬ್ರಸೆಲ್ಸಿನ ಕಾನೂನಿನ ಮೇಲೆ ಇರಲೇ ಇಲ್ಲ, ಲಂಡನ್ನಿನ ತೀರ್ಮಾನದ ಮೇಲಿತ್ತು. ಒಂದು ದೇಶದ ಮಂತ್ರಿ ತನ್ನೊಳಗೆ ಮಾಡಿದ ಹಂಚಿಕೆಯನ್ನು ರದ್ದು ಮಾಡಿ ಎಂದು ಲಕ್ಸೆಂಬರ್ಗಿಗೆ ನೇರವಾಗಿ ಹೋಗುವಂತಿಲ್ಲ. ಮೊದಲು ದೇಶದೊಳಗಿನ ನ್ಯಾಯಾಲಯಕ್ಕೇ ಹೋಗಬೇಕು.

ಅಲ್ಲಿ ಹೋಗಿದ್ದರೆ ಏನಾಗುತ್ತಿತ್ತು? ಊಹೆ ಬೇಡ, ಹತ್ತಿರದ ಒಂದು ತೀರ್ಪೇ ಇದೆ. ಅದೇ 2014–2020ರ ಅವಧಿಗೆ ಬಂದ ಪ್ರಾದೇಶಿಕ ಅಭಿವೃದ್ಧಿಯ ಯುರೋಪ್ ನಿಧಿಯನ್ನೂ ಲಂಡನ್ ಹೀಗೆಯೇ ಹಂಚಿತ್ತು: ನಾಲ್ಕೂ ಭಾಗಗಳಿಗೆ ಹಿಂದಿನ ಅವಧಿಗಿಂತ ಸರಿಸುಮಾರು ಶೇ 5 ಕಡಿತ, ಎಲ್ಲರಿಗೂ ಸಮ. ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಷೈರ್ ಮತ್ತು ಲಿವರ್‌ಪೂಲ್ ಕಡೆಯ ಸ್ಥಳೀಯ ಆಡಳಿತಗಳು ಇದರಿಂದ ನಮಗೆ ಹೊಡೆತ ಬಿತ್ತೆಂದು ದಾವೆ ಹೂಡಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದವು. 2015ರ ಫೆಬ್ರುವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಲ್ಲಿ ಅವರ ಮನವಿಯನ್ನು ತಳ್ಳಿಹಾಕಿತು. ಇಂಥ ಹಂಚಿಕೆ ರಾಜಕೀಯ ತೂಕ ನೋಡಿ ಮಾಡುವ ಕೆಲಸ, ಅಲ್ಲಿ ಸರ್ಕಾರಕ್ಕೆ ವಿಶಾಲ ವಿವೇಚನೆ ಇರುತ್ತದೆ ಎಂಬುದು ಬಹುಮತದ ನಿಲುವು. ಮೂವರು ಒಪ್ಪಲಿಲ್ಲ ಎಂಬುದನ್ನು ಮರೆಯಬೇಡಿ. ವಾದಕ್ಕೆ ತಿರುಳೇ ಇಲ್ಲ ಎನ್ನುವಂತಿರಲಿಲ್ಲ.

ಹಾಗಾದರೆ ಸ್ಕಾಟ್ಲೆಂಡ್ ರೈತರ ಕೊರಗು ಸುಳ್ಳೇ? ಖಂಡಿತ ಅಲ್ಲ. ಅವರ ನೆಲದ ಬಡತನವನ್ನು ಲೆಕ್ಕಕ್ಕೆ ತೋರಿಸಿ ತಂದ ಹಣದಲ್ಲಿ ಅವರಿಗೆ ಆರರಲ್ಲಿ ಒಂದು ಪಾಲು ಕೊಟ್ಟದ್ದು ನನ್ನ ಮಟ್ಟಿಗೂ ಸರಿಯಲ್ಲ. ಕಾನೂನಿನಲ್ಲಿ ಸೋಲುವ ಮಾತೆಲ್ಲ ಸುಳ್ಳು ಮಾತಾಗಬೇಕಿಲ್ಲ. ಅದನ್ನು ಅವರು ರಾಜಕೀಯವಾಗಿ ಬೆನ್ನುಹತ್ತಿದರು. ಪಕ್ಷಭೇದ ಮರೆತು ಎಡಿನ್‌ಬರೋ ಸಂಸತ್ತು ಒಂದೇ ದನಿಯಲ್ಲಿ ಕೇಳಿತು. ಮರುಪರಿಶೀಲನೆಯ ಮಾತು ಕೊಟ್ಟಿದ್ದ ಲಂಡನ್ ಅದನ್ನು ಮುಂದೂಡುತ್ತಾ ಬಂತು, ನಡುವೆ ಬ್ರೆಕ್ಸಿಟ್ ಬಂತು, ಕೊನೆಗೆ 2018ರಲ್ಲಿ ಲಾರ್ಡ್ ಬ್ಯೂ ಅವರ ನೇತೃತ್ವದಲ್ಲಿ ಸಮಿತಿ ಆಯಿತು. 2019ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡ್‌ಗೆ 16 ಕೋಟಿ ಪೌಂಡ್ ಕೊಡುವುದಾಗಿ ಸರ್ಕಾರ ಘೋಷಿಸಿತು. ಪೆನ್ನು ತೆಗೆದು ಲೆಕ್ಕ ಹಾಕಿ: 22 ಕೋಟಿ 30 ಲಕ್ಷ ಯುರೋದಲ್ಲಿ ಮೊದಲೇ ಸಿಕ್ಕ ಶೇ 16 ಕಳೆದರೆ ಉಳಿಯುವುದು ಸುಮಾರು 18 ಕೋಟಿ 70 ಲಕ್ಷ ಯುರೋ. ಪೌಂಡಿಗೆ ತಿರುಗಿಸಿದರೆ ಹೆಚ್ಚುಕಡಿಮೆ ಅದೇ 16 ಕೋಟಿ. ಅಂದರೆ ಹಂಚಿಹೋದ ಪೂರ್ತಿ ಪಾಲು. ಮುಂದಿನ ಎರಡು ವರ್ಷಗಳಿಗೆ ಸ್ಕಾಟ್ಲೆಂಡ್‌ಗೆ 5 ಕೋಟಿ 14 ಲಕ್ಷ, ವೇಲ್ಸ್‌ಗೆ 52 ಲಕ್ಷ ಪೌಂಡ್ ಹೆಚ್ಚುವರಿ ಕೊಡಬೇಕೆಂದು ಬ್ಯೂ ಸಮಿತಿ ಬೇರೆಯಾಗಿ ಶಿಫಾರಸು ಮಾಡಿತು.

ಇಷ್ಟು ಓದಿ ‘ಹಾಗಾದರೆ ಕೋರ್ಟಿಗೆ ಹೋಗುವುದೇ ದಂಡ’ ಎಂದುಕೊಳ್ಳಬೇಡಿ. ಅದೂ ತಪ್ಪು. ಕೃಷಿ ನಿಧಿಯ ವಿಷಯದಲ್ಲಿ ಕೋರ್ಟಿನ ದಾರಿಯಲ್ಲಿ ಗೆದ್ದವರಿದ್ದಾರೆ. ಅವರು ಗೆದ್ದದ್ದು ಹಣ ಯಾರದ್ದೆಂಬ ಪ್ರಶ್ನೆಯ ಮೇಲಲ್ಲ. ಗೆರೆ ಎಳೆದ ರೀತಿ ಸರಿಯೇ, ತೀರ್ಮಾನಿಸುವ ಅಧಿಕಾರ ಇತ್ತೇ ಎಂಬ ಪ್ರಶ್ನೆಗಳ ಮೇಲೆ.

ವೇಲ್ಸ್ ನೋಡಿ. 2014ರ ಆರಂಭದಲ್ಲಿ ಅಲ್ಲಿನ ಸರ್ಕಾರ ಭೂಮಿಯನ್ನು ವರ್ಗಗಳಾಗಿ ವಿಂಗಡಿಸಿ, 1992ರ ಹಳೆಯ ನಕ್ಷೆಯಲ್ಲಿ ‘ಮೂರ್‌ಲ್ಯಾಂಡ್’ (ಗುಡ್ಡದ ಮೇಲಿನ ಒರಟು ಬಯಲು) ಎಂದು ಗುರುತಾಗಿ 400 ಮೀಟರಿಗಿಂತ ಎತ್ತರದಲ್ಲಿರುವ ನೆಲಕ್ಕೆ ಹೆಕ್ಟೇರಿಗೆ 20 ಯುರೋ ಎಂದಿತು. ಕೆಳಗಿನ ನೆಲಕ್ಕೆ ಅದರ ಹತ್ತು ಪಟ್ಟು. ಒಂದು ಗುಡ್ಡವನ್ನು ಕಣ್ಣೆದುರು ತಂದುಕೊಳ್ಳಿ. ಇಳಿಜಾರಿನಲ್ಲಿ ಒಂದೇ ಮನೆಯವರ ಕುರಿಗಳು ಮೇಯುತ್ತಿವೆ. ಹುಲ್ಲು ಅದೇ, ಮಳೆ ಅದೇ, ದುಡಿಮೆ ಅದೇ. ನಡುವೆ ಬೇಲಿಯಿಲ್ಲ, ಬಾಂದು ಕಲ್ಲಿಲ್ಲ, ನಕ್ಷೆಯಲ್ಲಿ ಮಾತ್ರ ಒಂದು ಗೆರೆ. ಕುರಿ ನಾಲ್ಕು ಹೆಜ್ಜೆ ಮೇಲೆ ಹತ್ತಿದರೆ ಅದರ ಕಾಲಡಿಯ ಹೆಕ್ಟೇರಿನ ಬೆಲೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಎತ್ತರದ ನೆಲದ ರೈತರು ‘ಫೇರ್‌ನೆಸ್ ಫಾರ್ ದಿ ಅಪ್‌ಲ್ಯಾಂಡ್ಸ್’ ಎಂಬ ಗುಂಪು ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋದರು. ಮಾನದಂಡ ವಸ್ತುನಿಷ್ಠವಾಗಿರಬೇಕು ಎಂಬ ನಿಯಮವೇ ಅವರ ಕೈಯಲ್ಲಿದ್ದ ಅಸ್ತ್ರ. ಸರ್ಕಾರ ವಾದಕ್ಕೆ ನಿಲ್ಲದೆ ಹಿಂದೆ ಸರಿಯಿತು, ಹೊಸದಾಗಿ ಅಭಿಪ್ರಾಯ ಕೇಳಿತು, ಕೊನೆಗೆ ಇಡೀ ವೇಲ್ಸ್ ಒಂದೇ ಪ್ರದೇಶವೆಂದು ಒಪ್ಪಿ, ಸಣ್ಣ ಹಿಡುವಳಿಗಳಿಗೆ ಅನುಕೂಲವಾಗಲೆಂದು ಮೊದಲ 54 ಹೆಕ್ಟೇರಿಗೆ ಹೆಚ್ಚುವರಿ ದರ ಇಟ್ಟಿತು.

ಉತ್ತರ ಐರ್ಲೆಂಡ್‌ನದು ಇನ್ನೂ ಚುಟುಕು. 2013ರ ಡಿಸೆಂಬರಿನಲ್ಲಿ ಕೃಷಿ ಮಂತ್ರಿ ಮಿಶೆಲ್ ಓನೀಲ್ ನೇರ ಪಾವತಿಯ ಶೇ 7ನ್ನು ಗ್ರಾಮೀಣಾಭಿವೃದ್ಧಿಗೆ ವರ್ಗಾಯಿಸಿದರು. ಅದೇ ಸರ್ಕಾರದ ಹಣಕಾಸು ಮಂತ್ರಿ ಸೈಮನ್ ಹ್ಯಾಮಿಲ್ಟನ್ ಹೈಕೋರ್ಟಿಗೆ ಹೋದರು. ಸಂಪುಟದ ಒಪ್ಪಿಗೆ ಇಲ್ಲದೆ ಮಾಡಿದ ತೀರ್ಮಾನ ಬಿದ್ದುಹೋಯಿತು. ಬ್ರಸೆಲ್ಸಿಗೆ ತಿಳಿಸಬೇಕಿದ್ದ ಕಡೆಯ ದಿನ ಡಿಸೆಂಬರ್ 31 ಆಗಿದ್ದರಿಂದ ವರ್ಗಾವಣೆ ಸೊನ್ನೆಯಾಯಿತು.

ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ: ಹಣ ಒಂದೇ ಮೂಲದಿಂದ ಬರುವಾಗ, ಅದನ್ನು ಪಡೆಯುವ ಷರತ್ತು ಪ್ರದೇಶಕ್ಕೊಂದು ಇರಬಹುದೇ? ಇಂಗ್ಲೆಂಡಿನ ಒಬ್ಬ ರೈತ ಕೇಳಿದ್ದು ಇದನ್ನೇ. ಅವನ ಹೊಲದ ನಡುವೆ ಸಾರ್ವಜನಿಕರ ಕಾಲುದಾರಿ ಹಾದುಹೋಗುತ್ತದೆ. ಉತ್ತಾಗ ದಾರಿ ಅಳಿಸಿಹೋದರೆ, ಗಿಡಗಂಟಿ ಬೆಳೆದು ಮುಚ್ಚಿದರೆ, ಯುರೋಪಿನ ಪಾವತಿಯಲ್ಲಿ ಆಗ ಕಡಿತವಾಗುತ್ತಿತ್ತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನ ರೈತರಿಗೆ ಆ ಷರತ್ತಿರಲಿಲ್ಲ. ಒಂದೇ ದೇಶದ ರೈತರಲ್ಲಿ ಇದು ತಾರತಮ್ಯವಲ್ಲವೇ ಎಂಬ ಪ್ರಶ್ನೆ ಲಂಡನ್ನಿನ ಹೈಕೋರ್ಟಿನ ಮೂಲಕ ಲಕ್ಸೆಂಬರ್ಗಿಗೆ ಹೋಯಿತು. 2009ರ ಜುಲೈ 16ರಂದು ತೀರ್ಪು ಬಂತು. ದೇಶದ ಸಂವಿಧಾನವೇ ಅಧಿಕಾರವನ್ನು ಪ್ರದೇಶಗಳಿಗೆ ಹಂಚಿರುವಾಗ, ಒಂದೊಂದು ಆಡಳಿತ ಒಂದೊಂದು ಷರತ್ತು ಹಾಕಿದೆ ಎಂಬ ಮಾತ್ರಕ್ಕೆ ಅದು ತಾರತಮ್ಯವಾಗದು ಎಂದಿತು ನ್ಯಾಯಾಲಯ. ಭೂದೃಶ್ಯವನ್ನೋ ಜೀವಿಗಳ ನೆಲೆಯನ್ನೋ ಕಾಪಾಡಲು ನೆರವಾಗುವ ಮಟ್ಟಿಗೆ ಕಾಲುದಾರಿಯ ಷರತ್ತನ್ನು ಹಾಕಬಹುದೆಂದೂ ಹೇಳಿತು. ಸ್ಕಾಟ್ಲೆಂಡ್‌ಗೆ ತನ್ನದೇ ನಿಯಮ ಮಾಡಿಕೊಳ್ಳುವ ಸ್ವಾತಂತ್ರ್ಯವಿದ್ದ ಕಾರಣಕ್ಕೇ, ಇಂಗ್ಲೆಂಡಿನ ಆ ರೈತ ಪಕ್ಕದವನಿಗಿಲ್ಲದ ಹೊಣೆ ಹೊತ್ತು ತನ್ನ ಹೊಲದ ದಾರಿಯನ್ನು ತೆರೆದಿಡಬೇಕಾಯಿತು.