ಫ್ರೀ ಮಾಡಿದ ಮೇಲೂ ಪಾಯಿಂಟರ್‌ನಲ್ಲಿ ವಿಳಾಸ ಯಾಕೆ ಉಳಿಯುತ್ತದೆ?

ವಿಟಿಯು 3ನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಓದುತ್ತಿರುವವರಿಗೆ ಈ ಟಿಪ್ಪಣಿ. ಸಿ ಭಾಷೆಯಲ್ಲಿ ಮೆಮೊರಿ ಜಾಗ ಕೇಳಿ ಪಡೆಯುವ ಮ್ಯಾಲಕ್ ಬರೆಯಲು ನಿಮಗೆ ಬರುತ್ತದೆ ಎಂದುಕೊಂಡು, ಆ ಜಾಗ ವಾಪಸ್ ಕೊಡುವ ಫ್ರೀಗೆ ನೇರವಾಗಿ ಬರುತ್ತೇನೆ.

ಫ್ರೀ(ಪಿ) ಅಂದರೆ ಪಿ ಎಂಬ ಪಾಯಿಂಟರ್ (ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಅಳಿಸಿಹೋಯಿತು ಅಂತಲ್ಲ. ನನ್ನ ತಲೆಗೆ ಹತ್ತಲು ಜಾಸ್ತಿ ಹೊತ್ತು ಹಿಡಿದದ್ದು ಇದೇ. ಫಂಕ್ಷನ್ ಒಳಗೆ ಡಿಕ್ಲೇರ್ ಮಾಡಿದ ಪಿ ಇರುವುದು ಸ್ಟ್ಯಾಕ್‌ನಲ್ಲಿ, ಅಂದರೆ ಫಂಕ್ಷನ್‌ನ ಸ್ವಂತ ವೇರಿಯಬಲ್‌ಗಳ ಮೆಮೊರಿಯಲ್ಲಿ. ಅದು ತೋರಿಸುವ ಜಾಗ ಇರುವುದು ಹೀಪ್‌ನಲ್ಲಿ, ಅಂದರೆ ಮ್ಯಾಲಕ್ ಜಾಗ ಕೊಡುವ ಮೆಮೊರಿಯಲ್ಲಿ. ಫ್ರೀ ಬಿಟ್ಟುಕೊಡುವುದು ಹೀಪ್‌ನ ಜಾಗವನ್ನು ಮಾತ್ರ. ಸಿ ಭಾಷೆಯಲ್ಲಿ ಫಂಕ್ಷನ್‌ಗೆ ಹೋಗುವುದು ಬೆಲೆಯ ನಕಲು ಅಲ್ವಾ? ಹಾಗಾಗಿ ಫ್ರೀಗೆ ಸಿಗುವುದೂ ವಿಳಾಸದ ನಕಲೇ. ನಮ್ಮ ಪಿ ಎಲ್ಲಿದೆ ಅಂತಲೇ ಅದಕ್ಕೆ ಗೊತ್ತಿಲ್ಲ, ಇನ್ನು ಬದಲಿಸುವುದೆಲ್ಲಿ? ತಿಲಕವಾಡಿಯ ಬಾಡಿಗೆ ರೂಮು ಖಾಲಿ ಮಾಡಿದರೂ ಫೋನಿನಲ್ಲಿ ಬರೆದಿಟ್ಟ ವಿಳಾಸ ಹಾಗೇ ಇರುತ್ತದೆ. ಅಲ್ಲಿಗೆ ಹೋಗಿ ನೋಡಿದರೆ ಒಳಗೆ ಬೇರೆ ಯಾರೋ ಇರಬಹುದು, ಇನ್ನೂ ಯಾರೂ ಬಂದಿರದೆಯೂ ಇರಬಹುದು.

ಅದಕ್ಕೇ ಫ್ರೀ ಆದ ಮೇಲೆ *ಪಿ (ಪಿ ತೋರಿಸುವ ಜಾಗದಲ್ಲಿರುವ ಬೆಲೆ) ಪ್ರಿಂಟ್ ಮಾಡಿದರೆ ಕೆಲವೊಮ್ಮೆ ಹಳೆಯ ಸಂಖ್ಯೆಯೇ ಬರುತ್ತದೆ. ಅದನ್ನು ನೋಡಿ ಪ್ರೋಗ್ರಾಂ ಸರಿಯಿದೆ ಅಂದುಕೊಳ್ಳಬೇಡಿ. ಇದು ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗುತ್ತದೆ ಅಂತ ಸಿ ಸ್ಟ್ಯಾಂಡರ್ಡ್ ಹೇಳದ ಸ್ಥಿತಿ. ಇವತ್ತು ಸುಮ್ನೆ ಓಡಿದ್ದು ನಾಳೆ ಕ್ರ್ಯಾಶ್ ಆಗಬಹುದು.

ಫ್ರೀ ಆದ ತಕ್ಷಣ ಪಿ = ನಲ್ ಬರೆಯಿರಿ. ನಲ್ ಅಂದರೆ ಯಾವ ಜಾಗವನ್ನೂ ತೋರಿಸದ ಬೆಲೆ. ಫ್ರೀ(ನಲ್) ಏನೂ ಮಾಡುವುದಿಲ್ಲ, ಸಿ ಸ್ಟ್ಯಾಂಡರ್ಡ್‌ನಲ್ಲೇ ಹಾಗಿದೆ. ಆದರೆ ಮೊದಲೇ ಕ್ಯೂ = ಪಿ ಬರೆದಿದ್ದರೆ ಹಳೆಯ ವಿಳಾಸ ಕ್ಯೂನಲ್ಲಿ ಉಳಿದಿರುತ್ತದೆ. ಆಗ ಫ್ರೀ(ಕ್ಯೂ) ಅಂದರೆ ಡಬಲ್ ಫ್ರೀ, ಒಂದೇ ಜಾಗವನ್ನು ಎರಡು ಸಲ ಬಿಟ್ಟುಕೊಡುವ ತಪ್ಪು.

ಲಿಂಕ್ಡ್ ಲಿಸ್ಟ್‌ನಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಪ್ರತಿ ತುಣುಕು (ನೋಡ್) ಮುಂದಿನದರ ವಿಳಾಸವನ್ನು ನೆಕ್ಸ್ಟ್‌ನಲ್ಲಿ ಇಟ್ಟುಕೊಂಡಿರುತ್ತದೆ, ಮೊದಲ ನೋಡ್‌ನ ವಿಳಾಸ ಹೆಡ್‌ನಲ್ಲಿರುತ್ತದೆ. ಬೆಳಗಾವಿ, ಯರಗಟ್ಟಿ, ಲೋಕಾಪುರ, ಬಾಗಲಕೋಟೆ ಅಂತ ಬಸ್ ಸ್ಟಾಪ್‌ಗಳ ನಾಲ್ಕು ನೋಡ್ ಇವೆ ಅನ್ನಿ. ಯರಗಟ್ಟಿಯ ವಿಳಾಸ ಇರುವುದು ಬೆಳಗಾವಿ ನೋಡ್‌ನ ಒಳಗೆ. ಬೆಳಗಾವಿಯನ್ನು ಫ್ರೀ ಮಾಡಿ ಆಮೇಲೆ ಅದರ ನೆಕ್ಸ್ಟ್ ಓದುವಂತಿಲ್ಲ. ಕ್ರಮ ಹೀಗಿರಲಿ:

ಟೆಂಪ್ = ಹೆಡ್->ನೆಕ್ಸ್ಟ್;
ಫ್ರೀ(ಹೆಡ್);
ಹೆಡ್ = ಟೆಂಪ್;

ಹೆಡ್ ನಲ್ ಆಗುವವರೆಗೆ ಇದು ಲೂಪ್‌ನಲ್ಲಿ ನಡೆಯಬೇಕು. ಊರಿನ ಹೆಸರಿಗೂ ಬೇರೆಯಾಗಿ ಮ್ಯಾಲಕ್ ಮಾಡಿದ್ದರೆ ಮೊದಲು ಹೆಸರನ್ನು, ನಂತರ ನೋಡನ್ನು ಫ್ರೀ ಮಾಡಿ. ತಿರುಗಾಮುರುಗಾ ಆದರೆ ಹೆಸರಿನ ವಿಳಾಸವೂ ಕೈತಪ್ಪುತ್ತದೆ.

ಮ್ಯಾಲಕ್ ಕೊಟ್ಟ ವಿಳಾಸವನ್ನೇ ಫ್ರೀಗೆ ಕೊಡಬೇಕು. ಪಿ++ ಮಾಡಿ ಮುಂದೆ ಸರಿದ ವಿಳಾಸ ನಡೆಯುವುದಿಲ್ಲ. ಮ್ಯಾಲಕ್ ಇಲ್ಲದೆ ಡಿಕ್ಲೇರ್ ಮಾಡಿದ ಮಾಮೂಲಿ ಅರೇಗೆ ಫ್ರೀ ಬೇಡ.

ಕಣ್ಣಿಗೆ ಕಾಣದ ಇಂಥ ತಪ್ಪು ಹಿಡಿಯಲು ಲಿನಕ್ಸ್‌ನಲ್ಲಿ ವ್ಯಾಲ್‌ಗ್ರಿಂಡ್ ಎಂಬ ಟೂಲ್ ಇದೆ. ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದರೆ ಯಾವ ಸಾಲಿನಲ್ಲಿ ಫ್ರೀ ಆಯಿತು, ಯಾವ ಸಾಲಿನಲ್ಲಿ ಮತ್ತೆ ಮುಟ್ಟಿದ್ದೀರಿ, ಎರಡನ್ನೂ ತೋರಿಸುತ್ತದೆ.