ಅಲಾಸ್ಕಾ ಹಡಗಿನಲ್ಲಿ ಬಾಲ್ಕನಿ ಕೋಣೆಯೇ ಬೇಕೇ?

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿದ್ದಾಳೆ. ಮುಂದಿನ ಜೂನ್‌ನಲ್ಲಿ ನಾವಿಬ್ಬರೂ ಅವಳ ಮನೆಗೆ ಹೋಗುತ್ತಿದ್ದೇವೆ. ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಹೋಗಿಬನ್ನಿ ಎಂದು ಒತ್ತಾಯ ಮಾಡುತ್ತಿದ್ದಾಳೆ. ಕಿಟಕಿಯಿಲ್ಲದ ಒಳಕೋಣೆಗೂ ಬಾಲ್ಕನಿ ಇರುವ ಕೋಣೆಗೂ ದರದಲ್ಲಿ ಬಹಳ ಅಂತರವಿದೆ. ಬಾಲ್ಕನಿ ಇಲ್ಲದಿದ್ದರೆ ಹೋಗಿಯೂ ಹೋಗದ ಹಾಗೆ ಎಂದು ಕೆಲವರು, ಕೋಣೆಯಲ್ಲಿ ಕೂರುವವರು ಯಾರು, ದುಡ್ಡು ದಂಡ ಎಂದು ಕೆಲವರು. ನಮ್ಮಿಬ್ಬರಿಗೂ ಅರವತ್ತು ದಾಟಿದೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಅಲಾಸ್ಕಾಕ್ಕೆ ಹೊರಟ ಗಂಡ ಹೆಂಡತಿ ನನ್ನನ್ನು ಮೊದಲು ಕೇಳುವುದು ಇದನ್ನೇ. ಹೊರಡುವ ಮುಂಚೆ ನಾನೂ ಕಂಡಕಂಡವರನ್ನೆಲ್ಲ ಇದೇ ಪ್ರಶ್ನೆ ಕೇಳಿದ್ದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಲ್ಕನಿ ಇದ್ದರೆ ಒಳ್ಳೆಯದು. ಆದರೆ ಕೋಣೆ ಹಡಗಿನ ಯಾವ ಜಾಗದಲ್ಲಿದೆ ಎಂಬುದನ್ನು ಅದಕ್ಕಿಂತ ಮೊದಲು ನೋಡಬೇಕು. ತಪ್ಪು ಜಾಗದ ಬಾಲ್ಕನಿಗಿಂತ ಸರಿಯಾದ ಜಾಗದ ಒಳಕೋಣೆ ಎಷ್ಟೋ ಪಾಲು ಮೇಲು. ಇದು ನನಗೆ ತಿಳಿದದ್ದು ಪ್ರಯಾಣದ ಮೊದಲ ರಾತ್ರಿಯೇ.

ನಮಗೆ ಸಿಕ್ಕಿದ್ದು ಹನ್ನೆರಡನೆಯ ಡೆಕ್‌ನಲ್ಲಿ, ಅಂದರೆ ಹನ್ನೆರಡನೆಯ ಅಂತಸ್ತಿನಲ್ಲಿ, ಹಡಗಿನ ಮೂತಿಯ ಹತ್ತಿರದ ಬಾಲ್ಕನಿ ಕೋಣೆ. ಬುಕಿಂಗ್ ಮಾಡಿಕೊಟ್ಟವರು ‘ಎತ್ತರದಲ್ಲಿದೆ, ಮುಂದುಗಡೆ ಇದೆ, ನೋಟ ಚೆನ್ನಾಗಿರುತ್ತದೆ’ ಎಂದಿದ್ದರು. ಸಂಜೆ ನಾಲ್ಕಕ್ಕೆ ಹಡಗು ಸಿಯಾಟಲ್ ಬಿಟ್ಟಿತು. ಊರಿನ ಮುಂದಿನ ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನ ನೀರು ಕೆರೆಯ ಹಾಗೆ ಶಾಂತವಾಗಿತ್ತು. ಹಡಗು ಚಲಿಸುತ್ತಿದೆ ಎಂದು ಗೊತ್ತಾಗಬೇಕಾದರೆ ದಡದ ಮರಗಳನ್ನು ನೋಡಬೇಕಿತ್ತು. ಊಟ ಮಾಡಿ ಮಲಗಿದೆವು.

ಹನ್ನೊಂದು ಗಂಟೆ ಕಳೆದ ಮೇಲೆ ಬೀರುವಿನಲ್ಲಿದ್ದ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನತೊಡಗಿದವು. ಮೇಜಿನ ಮೇಲಿಟ್ಟಿದ್ದ ನನ್ನ ಕನ್ನಡಕ ತಾನಾಗಿ ಜಾರಿ ಅಂಚಿಗೆ ಬಂತು. ಮಂಚ ತಲೆಯ ಕಡೆ ಏಳುತ್ತಿತ್ತು, ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಕೆಳಗಿಳಿಯುತ್ತಿತ್ತು. ದೀಪ ಹಾಕಿ ನೋಡಿದರೆ ನಮ್ಮ ಮನೆಯವರು ಎದ್ದು ಕುಳಿತಿದ್ದಾರೆ, ಮುಖ ಬಿಳಿಚಿಕೊಂಡಿದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಬಂದರೂ ಇವರಿಗೆ ಏನೂ ಆಗುವುದಿಲ್ಲ. ಆ ರಾತ್ರಿ ಮೂರು ಸಲ ವಾಂತಿಯಾಯಿತು. ಗಾಳಿ ಬರಲಿ ಎಂದು ಬಾಲ್ಕನಿಯ ಬಾಗಿಲು ಸರಿಸಲು ಹೋದೆ. ಹೊರಗಿನ ಗಾಳಿಯ ರಭಸಕ್ಕೆ ಹೆದರಿ ಮತ್ತೆ ಮುಚ್ಚಿದೆ. ಅಷ್ಟು ಹಣ ಕೊಟ್ಟು ಪಡೆದ ಬಾಲ್ಕನಿ ನನಗೆ ಒಂದು ಉಸಿರು ಗಾಳಿ ಕೊಡಲಿಲ್ಲ.

ಕೊನೆಗೆ ಶಾಲು ಹೊದೆಸಿ, ಕೈ ಹಿಡಿದು, ಲಿಫ್ಟಿನಲ್ಲಿ ಐದನೆಯ ಡೆಕ್‌ಗೆ ಇಳಿಸಿಕೊಂಡು ಬಂದೆ. ಅಲ್ಲಿ ಹಡಗಿನ ನಟ್ಟನಡುವೆ ದೊಡ್ಡ ಮೆಟ್ಟಿಲಿನ ಪಕ್ಕದಲ್ಲಿ ಸೋಫಾಗಳಿವೆ. ಹತ್ತು ನಿಮಿಷದಲ್ಲಿ ಇವರ ಮುಖಕ್ಕೆ ಬಣ್ಣ ಬಂತು. ಅದೇ ಹಡಗು, ಅದೇ ಸಮುದ್ರ. ಆದರೆ ಇಲ್ಲಿ ತೊಟ್ಟಿಲಿನಷ್ಟು ತೂಗಾಟ ಮಾತ್ರ. ನಮ್ಮ ಮಾತು ಕೇಳಿಸಿಕೊಂಡು ಕೆಲಸದ ಹುಡುಗನೊಬ್ಬ ಬಳಿ ಬಂದು ಕನ್ನಡದಲ್ಲೇ ‘ಅಮ್ಮ, ಸ್ವಲ್ಪ ಕೂತಿರಿ’ ಎಂದು ಹೋಗಿ ಎರಡು ಹಸಿರು ಸೇಬು, ಒಂದು ತಟ್ಟೆ ಉಪ್ಪು ಬಿಸ್ಕತ್ತು ತಂದಿಟ್ಟ. ಉಡುಪಿ ಕಡೆಯವನು. ಕರಾವಳಿಯ ಬಹಳಷ್ಟು ಮಕ್ಕಳು ಈ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ವಾಕರಿಕೆಗೆ ಹಡಗಿನವರು ತಲೆತಲಾಂತರದಿಂದ ಕೊಡುವ ಮದ್ದು ಇದೇ ಎಂದ. ಮತ್ತೆ ಸಂಕೋಚದಿಂದಲೇ ಹೇಳಿದ: ‘ಮೇಲಿನ ಮುಂದಿನ ಕೋಣೆ ಕೊಟ್ಟಿದ್ದಾರಲ್ಲವೇ? ವಯಸ್ಸಾದವರಿಗೆ ಅದನ್ನು ಕೊಡಬಾರದಿತ್ತು.’

ಏಕೆ ಎಂಬುದನ್ನು ತಿಳಿಯಲು ಏತವನ್ನು ನೆನಪಿಸಿಕೊಳ್ಳಿ. ಏತದ ಮರದ ತುದಿ ಆಳುದ್ದ ಮೇಲೆ ಕೆಳಗೆ ಹೋಗುತ್ತದೆ. ನಡುವೆ, ಕಂಬದ ಹತ್ತಿರ, ಗೇಣುದ್ದವೂ ಅಲುಗುವುದಿಲ್ಲ. ಎದುರಿನ ಅಲೆಗೆ ಹಡಗು ಏಳುವುದು ಬೀಳುವುದು ಹೀಗೆಯೇ. ಮೂತಿ ಮತ್ತು ಬಾಲದ ಕಡೆ ಹೆಚ್ಚು, ನಡುವೆ ಕಡಿಮೆ. ಇನ್ನು ಪಕ್ಕದ ಅಲೆಗೆ ಹಡಗು ಎಡಕ್ಕೂ ಬಲಕ್ಕೂ ವಾಲುತ್ತದೆ. ಅದು ಗಾಳಿಗೆ ತೆಂಗಿನ ಮರ ತೂಗಿದಂತೆ, ಗರಿಯ ಹತ್ತಿರ ಜೋರು, ಬುಡದ ಹತ್ತಿರ ಇಲ್ಲವೇ ಇಲ್ಲ. ಈ ವಾಲಾಟವನ್ನು ತಗ್ಗಿಸಲು ಹಡಗಿನ ಎರಡೂ ಪಕ್ಕದಲ್ಲಿ, ನೀರಿನ ಅಡಿಯಲ್ಲಿ, ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಮುಂದೆ ಹಿಂದೆ ಏಳುಬೀಳುವುದಕ್ಕೆ ಅವು ಹೆಚ್ಚೇನೂ ಮಾಡಲಾರವು. ಹಾಗಾಗಿ ಎತ್ತರದ ಡೆಕ್, ಅದರಲ್ಲೂ ಮೂತಿಯ ತುದಿ, ಎರಡೂ ಸೇರಿದ ಜಾಗದಲ್ಲಿ ಮಲಗಿದವರಿಗೆ ಎರಡು ಪಟ್ಟು ಕಷ್ಟ. ಒಳಗಿವಿ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಎದುರಿನ ಗೋಡೆಯನ್ನು ನೋಡುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಜಗಳವೇ ವಾಕರಿಕೆಗೆ ಕಾರಣ. ದೂರದ ದಿಗಂತವನ್ನು ದಿಟ್ಟಿಸಿದರೆ ಸಮಾಧಾನವಾಗುವುದೂ ಅದಕ್ಕೇ. ಆದರೆ ಕತ್ತಲೆಯಲ್ಲಿ ದಿಗಂತವನ್ನು ಎಲ್ಲಿ ಹುಡುಕುವುದು?

ಅಲಾಸ್ಕಾದ ದಾರಿ ಪೂರ್ತಿ ಹೀಗೆ ಇರುತ್ತದೆ ಎಂದು ಹೆದರಬೇಡಿ. ಹಡಗು ಎಲ್ಲಿಂದ ಹೊರಡುತ್ತದೆ ಎಂಬುದು ಮುಖ್ಯ. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವಿನ ಒಳದಾರಿಯಲ್ಲಿ ಸಾಗುತ್ತವೆ. ಸುಮಾರು 450 ಕಿಲೋಮೀಟರ್ ಉದ್ದದ ಆ ದ್ವೀಪವೇ ಗೋಡೆಯಾಗಿ ನಿಂತು ಅಲೆಗಳನ್ನು ತಡೆಯುತ್ತದೆ. ಸಿಯಾಟಲ್‌ನಿಂದ ಹೊರಡುವ ದೊಡ್ಡ ಹಡಗುಗಳು ಹುವಾನ್ ಡಿ ಫ್ಯೂಕಾ ಜಲಸಂಧಿ ದಾಟಿ ದ್ವೀಪದ ಹೊರಮಗ್ಗುಲಿನ ತೆರೆದ ಪೆಸಿಫಿಕ್ ಸಾಗರಕ್ಕೆ ಬರುತ್ತವೆ. ಅಲುಗಾಟವೆಲ್ಲ ಆ ಮೊದಲ ರಾತ್ರಿ, ಮರುದಿನ, ಮತ್ತೆ ಹಿಂದಿರುಗುವಾಗ ಕೆನಡಾದ ವಿಕ್ಟೋರಿಯಾ ಬಂದರು ತಲಪುವ ತನಕ. ಅಲಾಸ್ಕಾದ ದ್ವೀಪಗಳ ಮರೆಗೆ ಬಂದ ಮೇಲೆ ನಮ್ಮ ಹ್ಯಾಂಗರುಗಳು ಒಂದು ಸದ್ದೂ ಮಾಡಲಿಲ್ಲ. ನಿಮಗೆ ಮಗಳ ಮನೆ ಸಿಯಾಟಲ್‌ನಲ್ಲೇ ಇರುವುದರಿಂದ ಅಲ್ಲಿಂದಲೇ ಹೊರಡುವುದು ಸಲೀಸು, ಬೇಡ ಎನ್ನುವುದಿಲ್ಲ. ಆದರೆ ಮಧ್ಯದ ಕೋಣೆ ಮಾತ್ರ ಬಿಡಬೇಡಿ. ಹಿಂದಿರುಗುವ ದಿನ ಇವರು ಹಡಗಿನ ವೈದ್ಯರನ್ನು ಕೇಳಿ ಮುಂಚಿತವಾಗಿಯೇ ವಾಕರಿಕೆ ತಡೆಯುವ ಮೆಕ್ಲಿಜಿನ್ ಮಾತ್ರೆ ತೆಗೆದುಕೊಂಡರು, ನಿದ್ದೆ ಚೆನ್ನಾಗಿ ಬಂತು. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ಇದನ್ನು ವೈದ್ಯರನ್ನು ಕೇಳದೆ ನುಂಗಬಾರದು. ನಿಮ್ಮ ಊರಿನ ವೈದ್ಯರ ಬಳಿ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ವಿಕ್ಟೋರಿಯಾ ಎಂದಾಗ ನೆನಪಾಯಿತು, ಇದು ಕೋಣೆಗಿಂತ ದೊಡ್ಡ ವಿಷಯ. ಅಮೆರಿಕದ 1886ರ ಒಂದು ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ, ನಡುವೆ ಹೊರದೇಶದ ಬಂದರಿನಲ್ಲಿ ನಿಲ್ಲಲೇಬೇಕು. ಕ್ರೂಸ್ ಹಡಗುಗಳು ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾಗಳಲ್ಲಿ ನೋಂದಣಿಯಾದವು. ಹಾಗಾಗಿ ಸಿಯಾಟಲ್‌ಗೆ ಮರಳುವ ಮೊದಲು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿನಲ್ಲಿ ಪ್ರವಾಸಿಗಳಾಗಿ ಹೋಗುವ ನಮ್ಮಂಥವರಿಗೆ ಆ ಕೆಲವು ಗಂಟೆಗೂ ಕೆನಡಾದ ವೀಸಾ ಬೇಕು, ಅಮೆರಿಕದ ವೀಸಾ ಹಲವು ಬಾರಿ ಪ್ರವೇಶಿಸುವಂಥದ್ದಾಗಿರಬೇಕು. ‘ನಾನು ಅಲ್ಲಿ ಇಳಿಯುವುದೇ ಇಲ್ಲ’ ಎಂದರೆ ನಡೆಯುವುದಿಲ್ಲ. ಸಿಯಾಟಲ್ ಬಂದರಿನಲ್ಲಿ ಹಡಗು ಹತ್ತುವಾಗಲೇ ಕೇಳುತ್ತಾರೆ. ನಮ್ಮ ಕಣ್ಣೆದುರೇ ಒಂದು ಹಿರಿಯ ದಂಪತಿ ಸೂಟ್‌ಕೇಸುಗಳ ಜೊತೆ ಹಿಂದಿರುಗಿದರು. ಆ ಹೆಂಗಸಿನ ಮುಖ ಇನ್ನೂ ನನ್ನ ಕಣ್ಣಿನಲ್ಲಿದೆ. ಜೂನ್‌ನಲ್ಲಿ ಹೊರಡುವವರು ಈ ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿಬಿಡಿ.

ಇನ್ನು ನೋಟದ ಮಾತು. ಬಾಲ್ಕನಿ ಇಲ್ಲದಿದ್ದರೆ ಏನೂ ಕಾಣುವುದಿಲ್ಲ ಎನ್ನುವುದು ಸುಳ್ಳು. ನಾವು ಹೋದ ಹಡಗು ಜುನೊ, ಸ್ಕ್ಯಾಗ್ವೇ, ಕೆಚಿಕನ್ ಊರುಗಳಲ್ಲಿ ನಿಂತಿತು. ಹಗಲೆಲ್ಲ ನಾವು ನೆಲದ ಮೇಲೆಯೇ ಇದ್ದೆವು, ಬಾಲ್ಕನಿಗೆ ಬೀಗ. ಉಳಿದದ್ದು ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿ. ಈ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ, ಆದ್ದರಿಂದ ನಿಮ್ಮ ಹಡಗು ಅಲ್ಲಿಗೆ ಹೋಗುತ್ತದೆಯೇ ಎಂದು ಬುಕಿಂಗ್‌ಗೆ ಮೊದಲೇ ಕೇಳಿ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗು ಹತ್ತಿ ಮೈಕಿನಲ್ಲಿ ವಿವರಿಸುತ್ತಾ ಹೋಗುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಅಲ್ಲಿಗೆ ಬಂದಾಗ ಈ ಕೊಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ, ಕಣಿವೆಯ ತುಂಬಾ ಹಿಮಗಡ್ಡೆ. 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿಯ ಉದ್ದ 65 ಮೈಲಿ. ಕೊನೆಯಲ್ಲಿರುವ ಮಾರ್ಜರಿ ಹಿಮನದಿಯನ್ನು ಮುಟ್ಟಲು ಗಂಟೆಗಟ್ಟಲೆ ಸಾಗಿದೆವು. ಆ ದಾರಿಯೆಲ್ಲ ಒಂದು ಕಾಲಕ್ಕೆ ಮಂಜಿನ ಅಡಿಯಲ್ಲಿತ್ತು ಎಂದು ತಿಳಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾರ್ಜರಿ ಸುಮಾರು ಒಂದು ಮೈಲಿ ಅಗಲ, ನೀರಿನ ಮೇಲೆ 250 ಅಡಿಯ ಆಸುಪಾಸು ಎತ್ತರ. ಬಿಳಿ ಎಂದುಕೊಂಡು ಹೋಗಿದ್ದೆ. ಸೀಳುಗಳ ಒಳಗೆ ಅದರ ಬಣ್ಣ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಆಗಷ್ಟೇ ಬಿಟ್ಟಂತಿತ್ತು. ಒಂದು ಮೂಲೆಯಿಂದ ಮನೆಯಷ್ಟು ದೊಡ್ಡ ತುಂಡು ಕಳಚಿ ಜಾರಿತು. ಬಿದ್ದದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಎನ್ನುತ್ತಾರಂತೆ. ಇದನ್ನೆಲ್ಲ ನಾವು ನೋಡಿದ್ದು ಬಾಲ್ಕನಿಯಿಂದಲ್ಲ, ಎಲ್ಲರಿಗೂ ತೆರೆದಿರುವ ಮೇಲಿನ ಡೆಕ್‌ನಿಂದ. ಬಾಲ್ಕನಿಯಿಂದ ಒಂದೇ ಮಗ್ಗುಲು ಕಾಣುತ್ತದೆ. ಕ್ಯಾಪ್ಟನ್ ಎರಡೂ ಮಗ್ಗುಲಿನವರಿಗೆ ಕಾಣಲಿ ಎಂದು ಹಡಗನ್ನು ನಿಧಾನವಾಗಿ ತಿರುಗಿಸುತ್ತಾನೆ ನಿಜ, ಆದರೆ ಬರುವ ಹೋಗುವ ದಾರಿಯ ಅರ್ಧ ನೋಟ ತಪ್ಪಿಹೋಗುತ್ತದೆ. ಒಳಕೋಣೆಯವರೂ ಅಲ್ಲೇ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.

ಹಾಗಾದರೆ ಬಾಲ್ಕನಿ ಕೊಟ್ಟದ್ದೇನು? ಜುನೊ ಸೇರುವ ದಿನ ಬೆಳಗಿನ ಜಾವ. ಜೂನ್‌ನಲ್ಲಿ ಅಲ್ಲಿ ನಾಲ್ಕಕ್ಕೆಲ್ಲ ಬೆಳಕು ಹರಿಯುತ್ತದೆ, ರಾತ್ರಿ ಹತ್ತರವರೆಗೆ ಕತ್ತಲಾಗುವುದಿಲ್ಲ. ನಿದ್ದೆ ಬಾರದೆ ಇಬ್ಬರೂ ಕಂಬಳಿ ಹೊದ್ದು ಹೊರಗೆ ಕುಳಿತೆವು. ಎರಡು ಕುರ್ಚಿ, ಒಂದು ಪುಟ್ಟ ಮೇಜು, ಅಷ್ಟೇ ಜಾಗ. ನೀರು ಬೂದುಬಣ್ಣದ ರೇಷ್ಮೆ ಹಾಸಿದಂತಿತ್ತು. ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ಇವರು ನನ್ನ ಕೈ ಅದುಮಿ ಬೆರಳು ತೋರಿಸಿದರು. ತಿಮಿಂಗಿಲ. ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಕಳೆದು, ಬೇಸಿಗೆಗೆ ಮೇವು ಹುಡುಕಿ ಇಲ್ಲಿಗೆ ಬರುವ ಹಂಪ್‌ಬ್ಯಾಕ್. ಉಸಿರಿನ ಆವಿ ಕಂಬದ ಹಾಗೆ ಎದ್ದು ಕರಗಿತು. ಹಿಂದೆಯೇ ಇನ್ನೊಂದು, ಚಿಕ್ಕದು. ಮದುವೆಯಾಗಿ ಮೂವತ್ತೆಂಟು ವರ್ಷ, ಮಕ್ಕಳ ಓದು, ಅತ್ತೆಯವರ ಕಾಯಿಲೆ, ಮನೆಯ ಸಾಲ ಎಂದು ಬರೀ ಕೆಲಸದ ಮಾತುಗಳೇ ಆಗಿದ್ದವು. ಹಾಗೆ ಏನೂ ಕೆಲಸವಿಲ್ಲದೆ, ಯಾರೂ ಕರೆಯದೆ, ಒಂದೂವರೆ ಗಂಟೆ ಪಕ್ಕಪಕ್ಕದಲ್ಲಿ ಕುಳಿತದ್ದು ನನಗೆ ನೆನಪಿಲ್ಲ. ಆ ಒಂದು ಬೆಳಗಿಗೆ ಬಾಲ್ಕನಿಯ ಹಣ ಸಾರ್ಥಕವಾಯಿತು ಎಂದು ಇವತ್ತಿಗೂ ಹೇಳುತ್ತೇನೆ.

ಒಳಕೋಣೆಯೂ ಕಳಪೆಯಲ್ಲ. ಸುಮಾರು 150 ಚದರ ಅಡಿ, ಹಾಸಿಗೆ ಶುಭ್ರ, ಊಟ ತಿಂಡಿ ಎಲ್ಲರಿಗೂ ಒಂದೇ. ಸರಿರಾತ್ರಿಯಂಥ ಕತ್ತಲು ಇರುವುದರಿಂದ ಅಲಾಸ್ಕಾದ ಬೆಳಕಿನ ರಾತ್ರಿಗಳಲ್ಲಿ ನಿದ್ದೆಯೂ ಚೆನ್ನಾಗಿ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುವವರಿಗೆ ಮಾತ್ರ ಬೇಡ. ಉಳಿದ ಹಣದಲ್ಲಿ ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ಹತ್ತಿ. ಚಿನ್ನದ ಆಸೆಗೆ ಕೆನಡಾದ ಕ್ಲಾಂಡೈಕ್ ಪ್ರದೇಶಕ್ಕೆ ಹೊರಟವರು ಕಾಲ್ನಡಿಗೆಯಲ್ಲಿ ಹತ್ತಿದ ಬೆಟ್ಟವನ್ನು 1898ರಿಂದ 1900ರ ನಡುವೆ ಕಟ್ಟಿದ ಆ ಕಿರುಹಳಿಯ ರೈಲು 20 ಮೈಲಿಯಲ್ಲಿ ಸುಮಾರು 2,900 ಅಡಿ ಏರುತ್ತದೆ. ಬಾಲ್ಕನಿಯೋ ಈ ರೈಲೋ ಎಂದರೆ ನಾನು ರೈಲು ಎನ್ನುತ್ತೇನೆ. ಕೆಚಿಕನ್‌ಗೆ ಛತ್ರಿಗಿಂತ ರೇನ್‌ಕೋಟ್ ಒಯ್ಯಿರಿ, ಅಲ್ಲಿ ಆಗುಂಬೆಯ ಅರ್ಧದಷ್ಟು ಮಳೆ ಬೀಳುತ್ತದೆ. ಸಸ್ಯಾಹಾರಿಗಳಾದರೆ ಬುಕಿಂಗ್ ಸಮಯದಲ್ಲೇ ಬರೆಸಿ, ಮೊದಲ ರಾತ್ರಿ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮತ್ತೊಮ್ಮೆ ಹೇಳಿ. ನಮಗೆ ಮರುದಿನದಿಂದ ಬೇಳೆ, ಅನ್ನ, ಒಂದು ಪಲ್ಯ ತಪ್ಪಲಿಲ್ಲ.

ಆದ್ದರಿಂದ ನಿಮಗೆ ನಾನು ಹೇಳುವುದು ಇಷ್ಟು. ಕೈಗೆ ಎಟುಕುವುದಾದರೆ ಹಡಗಿನ ನಡುಭಾಗದ, ಆದಷ್ಟು ಕೆಳಡೆಕ್‌ನ ಬಾಲ್ಕನಿ ತೆಗೆದುಕೊಳ್ಳಿ. ಅಂಥದ್ದು ಸಿಗದೆ ಮೂತಿಯ ಕಡೆಯದೇ ಉಳಿದಿದ್ದರೆ ಅದನ್ನು ಬಿಟ್ಟು ನಡುಭಾಗದ ಕಿಟಕಿ ಕೋಣೆಯನ್ನೋ ಒಳಕೋಣೆಯನ್ನೋ ಹಿಡಿಯಿರಿ. ಕಿಟಕಿ ಕೋಣೆಯಾದರೆ ಎದುರಿಗೆ ಜೀವರಕ್ಷಕ ದೋಣಿ ತೂಗುಹಾಕಿದೆಯೇ ಎಂದು ಕೇಳಿ, ಕೆಲವದಕ್ಕೆ ಅದೇ ಅಡ್ಡ. ‘ಗ್ಯಾರಂಟಿ’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಕೋಣೆಗಳ ಜಾಗವನ್ನು ಕಂಪನಿಯೇ ನಿರ್ಧರಿಸುತ್ತದೆ, ನಿಮ್ಮ ವಯಸ್ಸಿಗೆ ಅದು ಬೇಡ. ಹಣ ಕಟ್ಟುವ ಮೊದಲು ಕೋಣೆಯ ನಂಬರ್ ಕೇಳಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಡೆಕ್‌ಗಳ ನಕ್ಷೆಯಲ್ಲಿ ಅದರ ಮೇಲೆ ಏನಿದೆ, ಕೆಳಗೆ ಏನಿದೆ ಎಂದು ನೋಡಿ. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇರಲಿ. ನಮ್ಮ ತಲೆಯ ಮೇಲೆ ಊಟದ ಹಾಲ್ ಇತ್ತು, ಬೆಳಿಗ್ಗೆ ಐದಕ್ಕೆಲ್ಲ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತಿತ್ತು.