ಬೆಂಕಿ ಅಂದ್ರೇನು ಎಂದು ಕೇಳಿದ ನಟ

2003ರಲ್ಲಿ ಅಮೆರಿಕದ ನಟ ಅಲನ್ ಆಲ್ಡಾ ಚಿಲಿ ದೇಶದ ಒಂದು ಬೆಟ್ಟದ ಮೇಲಿದ್ದರು. ಅಲ್ಲಿನ ಖಗೋಳ ವೀಕ್ಷಣಾಲಯದಲ್ಲಿ ಟಿವಿ ಕಾರ್ಯಕ್ರಮದ ಚಿತ್ರೀಕರಣ ನಡೆದಿತ್ತು. ಇದ್ದಕ್ಕಿದ್ದಂತೆ ಹೊಟ್ಟೆನೋವು ಶುರುವಾಯಿತು. ತಡೆದುಕೊಳ್ಳುವಂಥ ನೋವಲ್ಲ. ಬೆಟ್ಟದಿಂದ ಇಳಿಸಿ, ಲಾ ಸೆರೆನಾ ಎಂಬ ಊರಿನ ಆಸ್ಪತ್ರೆಗೆ ಕರೆದೊಯ್ದರು. ಕರುಳಿನ ಒಂದು ಭಾಗಕ್ಕೆ ರಕ್ತ ಹೋಗುವುದೇ ನಿಂತಿತ್ತು.

ರಕ್ತ ಸಿಗದ ಕರುಳು ಜಾಸ್ತಿ ಹೊತ್ತು ಬಾಳುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದರ ಗೋಡೆ ಸಾಯುತ್ತದೆ. ಒಳಗಿದ್ದ ಬ್ಯಾಕ್ಟೀರಿಯಾಗಳು ಹೊಟ್ಟೆಗೆ, ರಕ್ತಕ್ಕೆ ನುಗ್ಗುತ್ತವೆ. ಆಮೇಲೆ ರೋಗಿಯನ್ನು ಉಳಿಸುವುದು ಬಹಳ ಕಷ್ಟ. ಆಪರೇಷನ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಸರ್ಜನ್ ಪಕ್ಕಕ್ಕೆ ಬಂದು ವಿಷಯ ತಿಳಿಸಿದರು. ಕೆಟ್ಟುಹೋದ ಭಾಗವನ್ನು ಕತ್ತರಿಸಿ ತೆಗೆಯುತ್ತೇವೆ, ಉಳಿದ ಎರಡು ಒಳ್ಳೆಯ ತುದಿಗಳನ್ನು ಸೇರಿಸಿ ಹೊಲಿಯುತ್ತೇವೆ ಅಂದರು. ಅಷ್ಟು ನೋವಿನಲ್ಲೂ ಆಲ್ಡಾ, ಹಾಗಾದ್ರೆ ಎಂಡ್ ಟು ಎಂಡ್ ಅನಾಸ್ಟೊಮೊಸಿಸ್ ಮಾಡ್ತೀರಿ ಅನ್ನಿ ಎಂದರು. ಸರ್ಜನ್‌ಗೆ ಆಶ್ಚರ್ಯ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ‘ಮ್ಯಾಶ್’ನಲ್ಲಿ ಇಂಥವು ಎಷ್ಟೋ ಮಾಡಿದ್ದೀನಲ್ಲ ಎಂಬ ಉತ್ತರ ಬಂತು. ‘ಮ್ಯಾಶ್’ ಅವರು ಸರ್ಜನ್ ಪಾತ್ರ ಮಾಡಿದ್ದ ಟಿವಿ ಧಾರಾವಾಹಿ.

ಇಲ್ಲಿ ಒಂದು ತಮಾಷೆ ಗಮನಿಸಿ. ವೈದ್ಯರು ಆಡುಮಾತಿನಲ್ಲಿ ವಿವರಿಸಿದರು, ರೋಗಿ ವೈದ್ಯಶಾಸ್ತ್ರದ ಪದ ಹೇಳಿದರು. ಸಾಮಾನ್ಯವಾಗಿ ಇದು ಉಲ್ಟಾ ನಡೆಯುತ್ತದೆ, ಅಲ್ವಾ? ವಿಜ್ಞಾನಿಗಳು ಮತ್ತು ವೈದ್ಯರೆಲ್ಲ ಆ ಸರ್ಜನ್ ಥರ ಮಾತಾಡುವುದನ್ನು ಕಲಿಯಲಿ ಎಂದು ಆಲ್ಡಾ ತಮ್ಮ ಬದುಕಿನ ದೊಡ್ಡ ಭಾಗವನ್ನೇ ಕಳೆದರು. ಅದಕ್ಕೆ ಅವರು ಬಳಸಿದ ಬಂಡವಾಳ ವಿಜ್ಞಾನದ್ದಲ್ಲ, ನಟನೆಯದು.

ಆಲ್ಡಾ ಹುಟ್ಟಿದ್ದು 1936ರ ಜನವರಿ 28ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ರಾಬರ್ಟ್ ಆಲ್ಡಾ ಕೂಡ ನಟ. ಏಳನೇ ವಯಸ್ಸಿಗೆ ಮಗನಿಗೆ ಪೋಲಿಯೊ ಬಂತು. ಆಗ ಲಸಿಕೆ ಇರಲಿಲ್ಲ. ಜೋನಸ್ ಸಾಲ್ಕ್ ಅವರ ಲಸಿಕೆ ಬಂದಿದ್ದು 1955ರಲ್ಲಿ. ಅಲ್ಲಿಯವರೆಗೆ ಪೋಲಿಯೊ ಬಂದ ಮಕ್ಕಳ ಕೈಕಾಲುಗಳನ್ನು ಅಲುಗಾಡದಂತೆ ಪಟ್ಟಿ ಹಾಕಿ ಕಟ್ಟುವುದೇ ಎಷ್ಟೋ ಆಸ್ಪತ್ರೆಗಳ ರೂಢಿಯಾಗಿತ್ತು. ಆಸ್ಟ್ರೇಲಿಯಾದ ನರ್ಸ್ ಎಲಿಜಬೆತ್ ಕೆನ್ನಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದರು. ಬಿಸಿ ಉಣ್ಣೆಬಟ್ಟೆ ಸುತ್ತುವುದು, ಸ್ನಾಯುಗಳನ್ನು ಹಿಗ್ಗಿಸಿ ಆಡಿಸುವುದು ಅವರ ಪದ್ಧತಿ. ಆಲ್ಡಾ ಅವರ ಅಪ್ಪ ಅಮ್ಮ ಮಗನಿಗೆ ಇದನ್ನೇ ಮಾಡಿದರು. ಮಗುವಿಗೆ ಅದು ವಿಪರೀತ ನೋವಿನ ಚಿಕಿತ್ಸೆ, ಆದರೆ ಹುಡುಗ ಚೇತರಿಸಿಕೊಂಡ. ಕೆನ್ನಿ ಅವರ ಸಿದ್ಧಾಂತ ಪೂರ್ತಿ ಸರಿ ಇರಲಿಲ್ಲ. ಪೋಲಿಯೊ ವೈರಸ್ ಹೊಡೆಯುವುದು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು. ಕೆನ್ನಿ ಮಾತ್ರ ತೊಂದರೆ ಸ್ನಾಯುವಿನಲ್ಲೇ ಇದೆ ಎಂದು ವಾದಿಸುತ್ತಿದ್ದರು. ಬಿಸಿಬಟ್ಟೆಯಿಂದ ವೈರಸ್ ಸಾಯುವುದಿಲ್ಲ. ಆದರೆ ಸೆಟೆದುಕೊಂಡ ಸ್ನಾಯು ಸಡಿಲವಾಗುತ್ತದೆ, ಉಳಿದ ಶಕ್ತಿ ಕೆಲಸಕ್ಕೆ ಬರುತ್ತದೆ. ವಿವರಣೆ ತಪ್ಪಿದ್ದರೂ ಚಿಕಿತ್ಸೆ ಉಪಯೋಗಕ್ಕೆ ಬಂದ ಉದಾಹರಣೆ ಇದು.

ಹನ್ನೊಂದನೇ ವಯಸ್ಸಿನಲ್ಲಿ ಆ ಹುಡುಗ ಶಾಲೆಯಲ್ಲಿ ಟೀಚರ್ ಹತ್ತಿರ ಹೋಗಿ, ಜ್ವಾಲೆ ಅಂದ್ರೇನು, ಅದರೊಳಗೆ ಏನು ನಡೆಯುತ್ತಿದೆ ಎಂದು ಕೇಳಿದ. ಟೀಚರ್ ಒಂದೇ ಪದದಲ್ಲಿ ಉತ್ತರ ಕೊಟ್ಟರು: ಆಕ್ಸಿಡೇಷನ್. ನಮ್ಮ ಪಠ್ಯಪುಸ್ತಕಗಳ ಉತ್ಕರ್ಷಣ. ಹುಡುಗನಿಗೆ ಸಿಕ್ಕಿದ್ದು ವಿವರಣೆಯಲ್ಲ, ಬರೀ ಹೆಸರು. ಈ ಪ್ರಶ್ನೆ ಅವರಲ್ಲಿ ಆರು ದಶಕಕ್ಕೂ ಹೆಚ್ಚು ಕಾಲ ಉಳಿಯಿತು. ಅದರ ಕಥೆ ಆಮೇಲೆ.

ಅವರಿಗೆ ಹೆಸರು ತಂದ ‘ಮ್ಯಾಶ್’ 1972ರಿಂದ 1983ರವರೆಗೆ ಹನ್ನೊಂದು ಸೀಸನ್ ನಡೆದ ಧಾರಾವಾಹಿ. ಕೊರಿಯಾ ಯುದ್ಧದ ಮುಂಚೂಣಿಗೆ ಹತ್ತಿರದಲ್ಲೇ ಡೇರೆಗಳಲ್ಲಿ ನಡೆಯುವ ಸೇನೆಯ ಆಸ್ಪತ್ರೆಯೊಂದರ ಕಥೆ. ಆಲ್ಡಾ ಅದರಲ್ಲಿ ಹಾಕ್‌ಐ ಪಿಯರ್ಸ್ ಎಂಬ ಸರ್ಜನ್. ನಿಜವಾದ ಯುದ್ಧ ನಡೆದಿದ್ದು ಮೂರು ವರ್ಷ, ಧಾರಾವಾಹಿ ಅದರ ಮೂರುಪಟ್ಟಿಗಿಂತ ಜಾಸ್ತಿ ಓಡಿತು. 1983ರ ಫೆಬ್ರವರಿ 28ರಂದು ಬಂದ ಕೊನೆಯ ಕಂತನ್ನು ಆಲ್ಡಾ ಅವರೇ ನಿರ್ದೇಶಿಸಿದ್ದರು. ಅದನ್ನು ಅಮೆರಿಕದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು. ಈ ಒಂದೇ ಧಾರಾವಾಹಿಯಲ್ಲಿ ನಟನೆ, ಬರವಣಿಗೆ, ನಿರ್ದೇಶನ ಮೂರಕ್ಕೂ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ಶೂಟಿಂಗ್ ಲಾಸ್ ಏಂಜಲಿಸ್‌ನಲ್ಲಿ, ಮನೆ ದೇಶದ ಇನ್ನೊಂದು ತುದಿಯ ನ್ಯೂಜೆರ್ಸಿಯಲ್ಲಿ. ಹೆಂಡತಿ ಆರ್ಲೀನ್, ಮೂವರು ಹೆಣ್ಣುಮಕ್ಕಳ ಜೊತೆ ಇರಲು ವಾರದ ಕೊನೆಗೆ ವಿಮಾನ ಹತ್ತಿ ಹೋಗಿಬರುತ್ತಿದ್ದರಂತೆ. ಹೀಗೆ ಹೆಸರು, ದುಡ್ಡು ಎಲ್ಲ ಬಂದ ಮೇಲೆ ಹೆಚ್ಚಿನವರು ಸುಮ್ನೆ ಇನ್ನೊಂದು ಧಾರಾವಾಹಿ ಒಪ್ಪಿಕೊಳ್ಳುತ್ತಾರೆ.

ಆಲ್ಡಾ 1993ರಲ್ಲಿ ‘ಸೈಂಟಿಫಿಕ್ ಅಮೆರಿಕನ್ ಫ್ರಾಂಟಿಯರ್ಸ್’ ಎಂಬ ವಿಜ್ಞಾನ ಕಾರ್ಯಕ್ರಮದ ನಿರೂಪಕರಾದರು. ಅದು ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿ ಬರುತ್ತಿತ್ತು. ಬರೆದುಕೊಟ್ಟಿದ್ದನ್ನು ಓದಿ ಹೋಗುವುದು ಅವರಿಗೆ ಬೇಕಿರಲಿಲ್ಲ. ಪ್ರಯೋಗಾಲಯಕ್ಕೇ ಹೋಗಿ ವಿಜ್ಞಾನಿಗಳ ಜೊತೆ ಹರಟೆ ಹೊಡೆಯಬೇಕು ಎಂದರು. 2005ರವರೆಗೆ ನೂರಾರು ವಿಜ್ಞಾನಿಗಳನ್ನು ಹಾಗೆ ಮಾತಾಡಿಸಿದರು. ಅರ್ಥವಾಗುವವರೆಗೂ ಬಿಡುತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎನ್ನುವುದನ್ನು ಸಂಕೋಚವಿಲ್ಲದೆ ತೋರಿಸುತ್ತಿದ್ದರು. ನನ್ನ ಪ್ರಕಾರ ಆ ಕಾರ್ಯಕ್ರಮದ ಗುಟ್ಟು ಇದೇ. ಜಾಣನಂತೆ ಕಾಣಲು ಹೊರಟ ನಿರೂಪಕನಿಗೆ ಒಳ್ಳೆಯ ಪ್ರಶ್ನೆ ಹೊಳೆಯುವುದೇ ಇಲ್ಲ.

ಆ ಕೆಲಸದಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತು. ತನ್ನ ಮುಖ ನೋಡಿ ಮಾತಾಡುವಾಗ ವಿಜ್ಞಾನಿಯ ಮಾತು ಜೀವಂತವಾಗಿರುತ್ತಿತ್ತು. ಅದೇ ವ್ಯಕ್ತಿ ಕ್ಯಾಮೆರಾ ಕಡೆ ತಿರುಗಿದ ತಕ್ಷಣ ದನಿ ಬದಲಾಗಿ ಪಾಠ ಶುರುವಾಗುತ್ತಿತ್ತು, ಪದಗಳು ದಪ್ಪವಾಗುತ್ತಿದ್ದವು. ಮತ್ತೆ ತನ್ನ ಕಡೆ ಎಳೆದುಕೊಂಡರೆ ಮಾತು ಮತ್ತೆ ಹದಕ್ಕೆ ಬರುತ್ತಿತ್ತು. ಅಂದರೆ ವಿಷಯ ಕಷ್ಟ ಎನ್ನುವುದಷ್ಟೇ ಸಮಸ್ಯೆಯಲ್ಲ. ಕೇಳುವವರ ಮುಖ ಕಣ್ಣಿಂದ ಮರೆಯಾಗುವುದೂ ಸಮಸ್ಯೆ.

ಇದನ್ನು ತೋರಿಸುವ ಒಂದು ಪ್ರಯೋಗವನ್ನು ಆಲ್ಡಾ ತುಂಬ ಇಷ್ಟಪಡುತ್ತಾರೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ತಮ್ಮ ಪಿಎಚ್‌ಡಿಗಾಗಿ ಮಾಡಿದ್ದು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿಂದ ತಟ್ಟಬೇಕು. ಎದುರಿಗಿರುವವರು ಹಾಡು ಯಾವುದು ಎಂದು ಹೇಳಬೇಕು. ಅರ್ಧದಷ್ಟನ್ನಾದರೂ ಅವರು ಹೇಳಿಬಿಡುತ್ತಾರೆ ಎಂದು ತಟ್ಟುವವರು ನಂಬಿದ್ದರು. 120 ಸಲ ತಟ್ಟಿದಾಗ ಸರಿಯಾಗಿ ಹೇಳಿದ್ದು ಮೂರೇ ಮೂರು ಸಲ. ತಟ್ಟುವವರ ತಲೆಯೊಳಗೆ ರಾಗ, ಮಾತು ಎಲ್ಲ ಮೊಳಗುತ್ತಿರುತ್ತದೆ. ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್. ಗೊತ್ತಿರುವವರಿಗೆ, ಗೊತ್ತಿಲ್ಲದಿರುವುದು ಹೇಗಿರುತ್ತದೆ ಎಂದು ಊಹಿಸಲು ಆಗುವುದೇ ಇಲ್ಲ. ಮನೆಯಲ್ಲಿ ಯಾರನ್ನಾದರೂ ಕೂರಿಸಿ ಮಾಡಿ ನೋಡಿ, ಬೇಗ ಸಿಟ್ಟು ಬರುತ್ತದೆ. ತಟ್ಟುವವರಿಗೆ!

ಇದಕ್ಕೆ ಔಷಧ ರಂಗಭೂಮಿಯಲ್ಲಿದೆ ಎಂದು ಆಲ್ಡಾ ಹಟ ಹಿಡಿದರು. ಯುವಕರಾಗಿದ್ದಾಗ ಅವರು ಸ್ಕ್ರಿಪ್ಟ್ ಇಲ್ಲದೆ, ಎದುರಿನ ನಟನ ಮಾತು ಚಲನೆ ನೋಡಿ ಅಲ್ಲೇ ಹುಟ್ಟಿಸಿ ಅಭಿನಯಿಸುವ ಕಲೆ ಕಲಿತಿದ್ದರು. ಅದರ ಮೊದಲ ಪಾಠಗಳಲ್ಲಿ ಕನ್ನಡಿ ಆಟವೂ ಒಂದು. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬರು ಕೈ ಆಡಿಸಿದಂತೆ ಇನ್ನೊಬ್ಬರು ಕನ್ನಡಿಯ ಬಿಂಬದಂತೆ ಆಡಿಸಬೇಕು. ಹಿಂದೆ ಬೀಳಬಾರದು. ಹಾಗಾಗಬೇಕಾದರೆ ಮುಂದೆ ಇರುವವರು ಹಿಂದಿನವರ ಶಕ್ತಿ ನೋಡಿ ವೇಗ ಇಳಿಸಬೇಕು. ಆಲ್ಡಾ ವಿಜ್ಞಾನಿಗಳಿಗೆ ಕಲಿಸಲು ಹೊರಟಿದ್ದು ಇದನ್ನೇ. ಎದುರಿನವರು ಹಿಂದೆ ಬಿದ್ದರೆ ಅದು ಮುಂದೆ ನಡೆಸುವವರ ತಪ್ಪು.

ಈ ಆಟವನ್ನು ಇಸ್ರೇಲಿನ ವೈಜ್ಮನ್ ಸಂಸ್ಥೆಯ ಲಿಯೋರ್ ನೋಯ್, ಯೂರಿ ಆಲೋನ್ ಮತ್ತು ಸಂಗಡಿಗರು ಅಳತೆಗೂ ಒಳಪಡಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಬ್ಬರೂ ಒಂದೊಂದು ಹಿಡಿಯನ್ನು ಹಳಿಯ ಮೇಲೆ ಹಿಂದೆ ಮುಂದೆ ಜಾರಿಸುತ್ತಿದ್ದರು. ಒಬ್ಬರು ನಾಯಕ, ಇನ್ನೊಬ್ಬರು ಹಿಂಬಾಲಕ ಎಂದಾದಾಗ ಹಿಂಬಾಲಕನ ಚಲನೆಯಲ್ಲಿ ಸಣ್ಣ ನಡುಕ ಕಾಣುತ್ತಿತ್ತು. ತಪ್ಪುವುದು, ಸರಿಮಾಡಿಕೊಳ್ಳುವುದು, ಮತ್ತೆ ತಪ್ಪುವುದು. ಆದರೆ ನಾಯಕ ಯಾರೂ ಇಲ್ಲ ಎಂದಾಗ, ಈ ಕಲೆಯಲ್ಲಿ ಪಳಗಿದವರ ಚಲನೆಯಲ್ಲಿ ಆಗಾಗ ಆ ನಡುಕವೇ ಮಾಯವಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತಿದ್ದರು. ಒಬ್ಬರು ನಡೆಸಿದಾಗ ಸಿಗದ ನಯ ಅಲ್ಲಿ ಸಿಗುತ್ತಿತ್ತು. ಕನ್ನಡಿ ಆಟ ಆಡಿದವರು ಒಳ್ಳೆಯ ವಿಜ್ಞಾನ ಭಾಷಣ ಮಾಡುತ್ತಾರೆ ಎಂದೇನೂ ಇದು ಸಾಬೀತು ಮಾಡುವುದಿಲ್ಲ, ಅಷ್ಟು ದೂರ ಎಳೆಯಬಾರದು. ಇಬ್ಬರ ನಡುವಿನ ಹೊಂದಾಣಿಕೆ ಅಳೆಯಬಹುದಾದ ಸಂಗತಿ ಎಂಬುದನ್ನಂತೂ ತೋರಿಸಿತು.

2009ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಸಂವಹನ ಕೇಂದ್ರ ಶುರುವಾಯಿತು. ಅದಕ್ಕೀಗ ಆಲ್ಡಾ ಅವರದೇ ಹೆಸರಿದೆ. ವಿಜ್ಞಾನಿಗಳು, ವೈದ್ಯರು ಅಲ್ಲಿ ನಟರಂತೆ ತಾಲೀಮು ಮಾಡುತ್ತಾರೆ. 2012ರಲ್ಲಿ ಆಲ್ಡಾ ತಮ್ಮ ಹಳೆಯ ಪ್ರಶ್ನೆಯನ್ನು ಹೊರತೆಗೆದರು. ಜ್ವಾಲೆ ಅಂದರೇನು ಎಂದು ಹನ್ನೊಂದು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಿ ಎಂದು ವಿಜ್ಞಾನಿಗಳಿಗೆ ಸ್ಪರ್ಧೆ ಇಟ್ಟರು. ತೀರ್ಪುಗಾರರು ಬೇರೆ ಬೇರೆ ಶಾಲೆಗಳ ಹನ್ನೊಂದು ವರ್ಷದ ಮಕ್ಕಳೇ. ಗೆದ್ದದ್ದು ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬೆನ್ ಏಮ್ಸ್. ಅವರು ಕಾರ್ಟೂನ್ ವಿಡಿಯೋ ಮಾಡಿ ಕಳಿಸಿದ್ದರು. ಮಕ್ಕಳು ಮುಲಾಜಿಲ್ಲದ ತೀರ್ಪುಗಾರರು. ತಮಾಷೆ ಇರಲಿ, ಆದರೆ ನಮ್ಮನ್ನು ಪೆದ್ದರು ಅಂದುಕೊಳ್ಳಬೇಡಿ, ನಮಗೆ ಹನ್ನೊಂದು ವರ್ಷ, ಏಳಲ್ಲ ಎಂದು ಹೇಳಿದವರೂ ಇದ್ದರಂತೆ.

ಅಷ್ಟಕ್ಕೂ ಜ್ವಾಲೆಯಲ್ಲಿ ಏನು ನಡೆಯುತ್ತದೆ? ಮೇಣದಬತ್ತಿ ತೆಗೆದುಕೊಳ್ಳಿ. ಬಿಸಿಗೆ ಮೇಣ ಕರಗಿ, ಬತ್ತಿಯ ಗುಂಟ ಮೇಲೇರಿ, ಆವಿಯಾಗುತ್ತದೆ. ಉರಿಯುವುದು ಬತ್ತಿಯಲ್ಲ, ಆ ಆವಿ. ಅದರ ಉದ್ದುದ್ದ ಅಣುಗಳು ಶಾಖಕ್ಕೆ ತುಂಡಾಗುತ್ತವೆ. ತುಂಡುಗಳು ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಶಕ್ತಿ ಹೊರಬರುತ್ತದೆ. ಬುಡದಲ್ಲಿ ಕಾಣುವ ನೀಲಿ, ಈ ರಾಸಾಯನಿಕ ಕ್ರಿಯೆಯಲ್ಲಿ ಕೆರಳಿದ ಸಣ್ಣ ಅಣುಗಳು ಚೆಲ್ಲುವ ಬೆಳಕು. ನಡುವೆ ಆಮ್ಲಜನಕ ಸಾಲದೆ ಉಳಿದ ಇಂಗಾಲ ಪುಟ್ಟ ಪುಟ್ಟ ಮಸಿಯ ಕಣವಾಗಿ, ಕಾದು ಹೊಳೆಯುತ್ತದೆ. ನಾವು ನೋಡುವ ಹಳದಿ ಬೆಳಕು ಅದೇ. ಮೇಲಕ್ಕೆ ಹೋಗುತ್ತ ಹೆಚ್ಚಿನ ಕಣಗಳು ಉರಿದುಹೋಗುತ್ತವೆ. ಹಳದಿ ಭಾಗಕ್ಕೆ ತಣ್ಣನೆಯ ಚಮಚ ಹಿಡಿದರೆ, ಉರಿಯದೆ ಉಳಿದ ಮಸಿ ಅದಕ್ಕೆ ಅಂಟುತ್ತದೆ. ಟೀಚರ್ ಹೇಳಿದ ಪದ ತಪ್ಪಾಗಿರಲಿಲ್ಲ, ಇಷ್ಟೆಲ್ಲದರಲ್ಲಿ ಅದು ಒಂದು ಹೆಜ್ಜೆ ಮಾತ್ರ.

ಇನ್ನು ಆಲ್ಡಾ ಅವರ ಒಂದು ಕನಸಿನ ವಿಷಯ. ಯಾರೋ ತನ್ನ ಮೇಲೆ ಬೀಳುತ್ತಿದ್ದಾರೆ, ತಾನು ಆಲೂಗಡ್ಡೆ ಮೂಟೆಯನ್ನು ಎತ್ತಿ ಅವನ ಮೇಲೆ ಎಸೆದೆ ಎಂದು ಆಲ್ಡಾ ಕನಸು ಕಂಡರು. ಎಚ್ಚರಾದಾಗ ಗೊತ್ತಾಗಿದ್ದು, ಎಸೆದದ್ದು ದಿಂಬನ್ನು, ಪಕ್ಕದಲ್ಲಿ ಮಲಗಿದ್ದ ಹೆಂಡತಿಯ ಮೇಲೆ! ಬೇರೆಯವರಾದರೆ ನಕ್ಕು ಬಿಡುತ್ತಿದ್ದರೇನೋ. ಕನಸನ್ನು ಹೀಗೆ ಮೈಯಿಂದ ನಟಿಸುವುದು ಪಾರ್ಕಿನ್ಸನ್ಸ್ ಕಾಯಿಲೆಯ ಮುನ್ಸೂಚನೆ ಇರಬಹುದು ಎಂದು ಅವರು ಪತ್ರಿಕೆಯಲ್ಲಿ ಓದಿದ್ದರು. ವೈದ್ಯರ ಬಳಿ ಹೋಗಿ ಮೆದುಳಿನ ಸ್ಕ್ಯಾನ್ ಬೇಕೆಂದರು. ನಿಮಗೆ ಯಾವ ಲಕ್ಷಣವೂ ಇಲ್ಲವಲ್ಲ ಎಂದರು ವೈದ್ಯರು. ಸ್ಕ್ಯಾನ್ ಆಯಿತು, ಕಾಯಿಲೆ ಇರುವುದು ಗೊತ್ತಾಯಿತು. 2018ರ ಜುಲೈ 31ರಂದು ಟಿವಿಯಲ್ಲಿ ಅದನ್ನು ಬಹಿರಂಗಪಡಿಸಿದಾಗ, ಪತ್ತೆಯಾಗಿ ಮೂರೂವರೆ ವರ್ಷವಾಗಿತ್ತು.

ಕನಸು ಹೆಚ್ಚಾಗಿ ಬೀಳುವ ನಿದ್ದೆಯ ಹಂತದಲ್ಲಿ ನಮ್ಮ ಕೈಕಾಲು ಅಲುಗಾಡುವುದಿಲ್ಲ. ಮೆದುಳುಕಾಂಡದ ಒಂದು ಚಿಕ್ಕ ಜಾಗ ಬೆನ್ನುಹುರಿಗೆ ತಡೆ ಹಾಕಿರುತ್ತದೆ. ಉಸಿರಾಟ ಮತ್ತು ಕಣ್ಣಿಗೆ ಮಾತ್ರ ವಿನಾಯಿತಿ. ಫ್ರಾನ್ಸಿನ ಮಿಶೆಲ್ ಜೂವೆ ಬೆಕ್ಕುಗಳಲ್ಲಿ ಆ ಜಾಗಕ್ಕೆ ಗಾಯ ಮಾಡಿದಾಗ ಅವು ನಿದ್ದೆಯಲ್ಲೇ ಎದ್ದು ಬೇಟೆಗೆ ಹೊಂಚುಹಾಕಿದಂತೆ ಆಡಿದವು. ಮನುಷ್ಯರಲ್ಲಿ ಇಂಥದ್ದೇ ತೊಂದರೆಯನ್ನು 1986ರಲ್ಲಿ ಅಮೆರಿಕದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಸಂಗಡಿಗರು ವಿವರಿಸಿದರು. ಪಾರ್ಕಿನ್ಸನ್ಸ್‌ನಲ್ಲಿ ಆಲ್ಫಾ ಸೈನ್ಯೂಕ್ಲಿಯಿನ್ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟುತ್ತದೆ. ಎಷ್ಟೋ ಜನರಲ್ಲಿ ಅದು ಮೊದಲು ಮೆದುಳುಕಾಂಡದ ಕೆಳಭಾಗವನ್ನು ಹಿಡಿದು, ಆಮೇಲೆ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಮಾಡುವ ಕೋಶಗಳಿಗೆ ಹೋಗುತ್ತದೆ. ಹಾಗಾಗಿ ಕೈ ನಡುಗುವ ಎಷ್ಟೋ ವರ್ಷ ಮೊದಲೇ ರಾತ್ರಿಯ ಒದೆತ ಶುರುವಾಗಬಹುದು. ನಿದ್ದೆಯಲ್ಲಿ ಕೈ ಬೀಸಿದವರೆಲ್ಲ ಹೆದರಬೇಕಿಲ್ಲ. ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೆ ಪದೇ ಪದೇ ಆಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸುವುದು ಒಳ್ಳೆಯದು.

ಆಲ್ಡಾ ಕಾಯಿಲೆಯನ್ನೂ ಕುತೂಹಲದಿಂದಲೇ ನೋಡಿದರು. ಬಾಕ್ಸಿಂಗ್ ಕಲಿತರು, ಟೆನಿಸ್ ಆಡಿದರು, ಸಂದರ್ಶನಗಳ ಪಾಡ್‌ಕಾಸ್ಟ್ ಶುರು ಮಾಡಿದರು, ನಟಿಸುವುದನ್ನೂ ಬಿಡಲಿಲ್ಲ. ಜಾನ್ ಫಿಲಿಪ್ ಸೂಸಾ ಅವರ ಬ್ಯಾಂಡ್ ಸಂಗೀತ ಹಾಕಿಕೊಂಡು ಸೈನಿಕರಂತೆ ಕವಾಯತು ಹೆಜ್ಜೆ ಹಾಕುವುದೂ ಅವರ ವ್ಯಾಯಾಮವೇ. ಇದು ಹುಚ್ಚಾಟವಲ್ಲ. ಹೆಜ್ಜೆಯ ಲಯವನ್ನು ಒಳಗಿನಿಂದಲೇ ಹುಟ್ಟಿಸುವ ಮೆದುಳಿನ ಜಾಲ ಡೋಪಮೈನ್ ಕಡಿಮೆಯಾದಾಗ ಸೊರಗುತ್ತದೆ, ಹೆಜ್ಜೆ ಚಿಕ್ಕದಾಗಿ ತಡವರಿಸುತ್ತದೆ. ಹೊರಗಿನಿಂದ ಗಟ್ಟಿ ತಾಳ ಕೇಳಿಸಿದರೆ, ಕಿವಿಯ ಮೂಲಕ ಬಂದ ಲಯ ಮೆದುಳಿನ ಬೇರೆ ದಾರಿ ಹಿಡಿದು ಕಾಲಿಗೆ ತಲುಪುತ್ತದೆ ಎನ್ನುವುದು ನರವಿಜ್ಞಾನಿಗಳ ವಿವರಣೆ. ತಾಳ ಕೇಳಿಸುತ್ತ ನಡೆಸಿದಾಗ ಪಾರ್ಕಿನ್ಸನ್ಸ್ ಇರುವವರ ಹೆಜ್ಜೆ ಉದ್ದವಾಗುವುದನ್ನು, ನಡಿಗೆಯ ವೇಗ ಹೆಚ್ಚುವುದನ್ನು ಹಲವು ಪ್ರಯೋಗಗಳಲ್ಲಿ ಅಳೆದು ನೋಡಿದ್ದಾರೆ. ಫಿಸಿಯೋಥೆರಪಿಯಲ್ಲಿ ಈಗ ಇದಕ್ಕೆ ಒಂದೇ ಸಮನೆ ತಾಳ ಹಾಕುವ ಮೆಟ್ರೊನೋಮ್ ಎಂಬ ಸಾಧನ ಬಳಸುವವರೂ ಇದ್ದಾರೆ.